ಮೂರನೇ ಕ್ವಾರ್ಟರಿನಲ್ಲಿ ಸಿಕ್ಕ ಮಾವ

ಸಾಮಾನ್ಯವಾಗಿ ಮಾವಂದಿರು ಹುಟ್ಟಿನಿಂದ ಬರುತ್ತಾರೆ, ಇಲ್ಲವೇ ಮದುವೆಯಿಂದ ಬರುತ್ತಾರೆ. ನನಗೊಬ್ಬ ಮಾವ ಬಾಸ್ಕೆಟ್‌ಬಾಲ್ ಪಂದ್ಯದ ಮೂರನೇ ಕ್ವಾರ್ಟರಿನಲ್ಲಿ ಬಂದರು! ಅದೂ ಅವರ ಕೈಯಲ್ಲಿ ಚೆಂಡಿದ್ದಾಗ, ನಾನು ಅವರೆದುರು ಎರಡೂ ಕೈ ಚಾಚಿಕೊಂಡು ಏಡಿಯ ಹಾಗೆ ನಿಂತಿದ್ದಾಗ. ಪಂದ್ಯ ಶುರುವಾದಾಗ ನಮ್ಮಿಬ್ಬರಿಗೂ ಯಾವ ಸಂಬಂಧವೂ ಇರಲಿಲ್ಲ. ಮೊದಲ ಕ್ವಾರ್ಟರಿನಲ್ಲಿ ನನ್ನ ಊರು ಕೇಳಿದರು, ಎರಡನೆಯದರಲ್ಲಿ ಮನೆ ಯಾವುದೆಂದು ಕೇಳಿದರು, ಮೂರನೆಯದರಲ್ಲಿ ಮಾವನಾದರು. ನಾಲ್ಕನೆಯದರಲ್ಲಿ ಹೆಣ್ಣು ಕೊಡುವ ಮಾತು ಬರುತ್ತದೇನೋ ಎಂದು ನಾನು ಹೆದರಿದ್ದೆ. ಅವರಿಗೆ ಹೆಣ್ಣುಮಕ್ಕಳಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಮಂಡ್ಯದಲ್ಲಿ ಅರ್ಧ ಜನ ‘ನಮಗೂ ಅವರು ಮಾವನೇ’ ಎಂದು ಎದ್ದು ನಿಲ್ಲುತ್ತಾರೆ. ಹಗಲು ನಾಲೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ಕೆಲಸ, ಸಂಜೆ ಬಾಸ್ಕೆಟ್‌ಬಾಲು. ವಯಸ್ಸು ನಲವತ್ತಾರು, ತಲೆಯಲ್ಲಿ ಕೂದಲು ಕಮ್ಮಿ, ಹೊಟ್ಟೆ ಸ್ವಲ್ಪ ಮುಂದೆ. ಅಂಗಳಕ್ಕೆ ಪಂಚೆ ಉಟ್ಟುಕೊಂಡೇ ಬರುತ್ತಿದ್ದರು. ಒಳಗೆ ಚಡ್ಡಿ ಇರುತ್ತಿತ್ತೆನ್ನಿ! ಪಂಚೆ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಬುಟ್ಟಿಯ ಕಂಬಕ್ಕೆ ನೇತುಹಾಕಿದರೆಂದರೆ ಆಟ ಶುರುವಾದಂತೆ. ಪಂಚೆ ಕಂಬದ ಮೇಲಿರುವಷ್ಟು ಹೊತ್ತೂ ಅವರನ್ನು ಹೊರಗೆ ಕೂರಿಸುವ ಧೈರ್ಯ ಅವರ ತಂಡದ ನಾಯಕನಿಗೂ ಇರಲಿಲ್ಲ. ಬೆಂಚಿನ ಕೆಳಗೆ ಒಂದು ಚೊಂಬು ಮಜ್ಜಿಗೆ ಇರುತ್ತಿತ್ತು. ಹುಡುಗರು ಬಣ್ಣದ ನೀರಿನ ಬಾಟಲಿ ಎತ್ತಿದರೆ ಇವರು ಚೊಂಬು ಎತ್ತುತ್ತಿದ್ದರು.

ಆಟವೂ ಹಾಗೇ. ಓಡುತ್ತಿರಲಿಲ್ಲ. ಎಲ್ಲರೂ ಆ ತುದಿಯಿಂದ ಈ ತುದಿಗೆ ಓಡಿ ಬಂದು ನೋಡಿದರೆ ಇವರು ಮೊದಲೇ ಅಲ್ಲಿ ನಿಂತಿರುತ್ತಿದ್ದರು, ಬಸ್ಸಿಗೆ ಕಾಯುವವರ ಹಾಗೆ. ಫ್ರೀ ಥ್ರೋ ಸಿಕ್ಕಿದರಂತೂ ನೋಡಬೇಕು. ಗೆರೆಯ ಮೇಲೆ ನಿಂತು, ಚೆಂಡನ್ನು ಹೊಟ್ಟೆಗೆ ಆನಿಸಿಕೊಂಡು, ತಿರುಗಿ ಜನರನ್ನು ಏನಾದರೊಂದು ಕೇಳುವರು. ‘ತ್ರೀ ಫೇಸ್ ಕರೆಂಟು ಎಷ್ಟೊತ್ತಿಗೆ ಕೊಡ್ತಾರಂತೆ?’ ಯಾರೋ ಒಬ್ಬ ಎದ್ದು ಉತ್ತರ ಹೇಳುವನು, ಇನ್ನೊಬ್ಬ ಅವನಿಗೆ ಎದುರು ಹೇಳುವನು, ಅವರಿಬ್ಬರಿಗೂ ಜಗಳ ಹತ್ತುವಷ್ಟರಲ್ಲಿ ಇವರು ಈ ಕಡೆ ತಿರುಗಿ ಚೆಂಡನ್ನು ಬುಟ್ಟಿಗೆ ಹಾಕಿರುತ್ತಿದ್ದರು. ರೆಫರಿ ನೋಡದ ಸಣ್ಣ ಪುಟ್ಟ ತಪ್ಪಿಗೆ ತಾವೇ ಕೈ ಎತ್ತಿ ಒಪ್ಪಿಕೊಳ್ಳುವರು. ಇಂಥ ಸತ್ಯವಂತ ದೊಡ್ಡ ತಪ್ಪು ಮಾಡಿಯಾನೇ ಎಂದು ರೆಫರಿ ದೊಡ್ಡವನ್ನು ಬಿಟ್ಟುಬಿಡುತ್ತಿದ್ದರು!

ಇನ್ನು ನನ್ನ ವಿಷಯ. ನಾನು ಹನಕೆರೆಯವನು. ಹತ್ತೊಂಬತ್ತನೇ ವಯಸ್ಸಿಗೆ ಆರು ಅಡಿ ಮೂರು ಇಂಚು ಬೆಳೆದಿದ್ದೆ. ಆ ಎತ್ತರ ಅಲ್ಲಿಯವರೆಗೆ ಅಟ್ಟದ ಮೇಲಿನ ಪಾತ್ರೆ ಇಳಿಸುವುದಕ್ಕೆ, ಮದುವೆ ಮನೆಗಳಲ್ಲಿ ಮಾವಿನ ತೋರಣ ಕಟ್ಟುವುದಕ್ಕೆ ಬಿಟ್ಟರೆ ಯಾವುದಕ್ಕೂ ಬಂದಿರಲಿಲ್ಲ. ಮಂಡ್ಯದ ಕಾಲೇಜಿಗೆ ಸೇರಿದ ಮೊದಲ ವಾರವೇ ಅಲ್ಲಿನ ಬಾಸ್ಕೆಟ್‌ಬಾಲ್ ಕೋಚು ರೈಲ್ವೆ ಸ್ಟೇಷನ್ನಿನಲ್ಲಿ ನನ್ನನ್ನು ಕಂಡು, ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಸುತ್ತಲೂ ಒಂದು ಸುತ್ತು ಬಂದು, ಸಂಜೆ ಅಂಗಳಕ್ಕೆ ಬಾ ಎಂದರು. ಅವರಿಗೆ ಗೊತ್ತಿಲ್ಲದ ಒಂದು ವಿಷಯವಿತ್ತು. ನಾನು ಹತ್ತು ವರ್ಷದವನಿದ್ದಾಗ ನಮ್ಮಪ್ಪ ಮಂಡ್ಯಕ್ಕೆ ಕರೆದುಕೊಂಡು ಬಂದು, ತಾನು ಕಛೇರಿಯ ಕೆಲಸ ಮುಗಿಸುವವರೆಗೆ ಆ ಅಂಗಳದ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ ಹೋಗಿದ್ದ. ಅವತ್ತು ಇದೇ ಪಂಚೆಯ ಮನುಷ್ಯ ಅಂಗಳದ ನಡುವಿನಿಂದ ಚೆಂಡೆಸೆದು, ಅದು ಬುಟ್ಟಿಗೆ ಬಿತ್ತೋ ಇಲ್ಲವೋ ಎಂದೂ ನೋಡದೆ ಮಜ್ಜಿಗೆ ಕುಡಿಯಲು ಹೋದರು. ಬಿತ್ತು. ಆಮೇಲೆ ಒಂದು ವರ್ಷ ನಾನು ಬೆಂಡೆಕಾಯಿ, ಬದನೆಕಾಯಿ, ಸೋಪಿನ ತುಂಡು, ಏನು ಸಿಕ್ಕಿದರೂ ಎಸೆದು, ನೋಡದೆ ಹೋಗುವುದನ್ನು ಅಭ್ಯಾಸ ಮಾಡಿದೆ. ಯಾವುದೂ ಎಲ್ಲಿಗೂ ಬೀಳಲಿಲ್ಲ, ಅವ್ವನ ಏಟು ಮಾತ್ರ ಬೆನ್ನಿಗೆ ಸರಿಯಾಗಿ ಬಿತ್ತು.

ಅಂಥವರ ಎದುರು ಒಂದು ದಿನ ನಾನು ನಿಲ್ಲಬೇಕಾಯಿತು. ನಮ್ಮ ಕಾಲೇಜು ಹುಡುಗರ ತಂಡಕ್ಕೂ ಅವರ ಹಳೇ ತಂಡಕ್ಕೂ ಮೂರು ಪಂದ್ಯ ನಿಗದಿಯಾಗಿದ್ದವು. ಭಾನುವಾರಕ್ಕೊಂದರಂತೆ ಮಂಡ್ಯ, ಮದ್ದೂರು, ಮಳವಳ್ಳಿ. ಜಿಲ್ಲಾ ತಂಡದಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು, ಅದನ್ನು ತುಂಬುವ ಅಧಿಕಾರ ನಮ್ಮ ಕೋಚಿನದು. ಅವರು ನನ್ನನ್ನು ಕರೆದು, ಮೂರರಲ್ಲಿ ಒಂದು ಪಂದ್ಯದಲ್ಲಾದರೂ ಆ ಮನುಷ್ಯನನ್ನು ಹತ್ತು ಪಾಯಿಂಟು ಮುಟ್ಟದ ಹಾಗೆ ತಡೆದರೆ ಜಾಗ ನನಗೆ, ಇಲ್ಲದಿದ್ದರೆ ಇಡೀ ವರ್ಷ ಬೆಂಚು ಎಂದರು. ದೇವರ ಪಟ ನೋಡಿಕೊಂಡು ಬೆಳೆದವನಿಗೆ ದೇವರನ್ನೇ ಅಡ್ಡಗಟ್ಟು ಎಂದರೆ ಹೇಗಿರುತ್ತದೆ ಹೇಳಿ?

ಮಂಡ್ಯದ ಪಂದ್ಯ ಬಂತು. ಅವರು ಚೆಂಡನ್ನು ನೆಲಕ್ಕೆ ಪುಟಿಸುತ್ತ ನನ್ನ ಮುಂದೆ ಬಂದು, ಹರಟೆಗೆ ಕೂತವರ ದನಿಯಲ್ಲಿ, ‘ಯಾವೂರ್ಲಾ?’ ಎಂದರು. ನಾನು ಗೌರವದಿಂದ ಹನಕೆರೆ ಎಂದೆ. ಹನಕೆರೆ ಎಂಬ ನಾಲ್ಕಕ್ಷರ ಮುಗಿಯುವುದರೊಳಗೆ ಅವರು ನನ್ನ ಪಕ್ಕದಿಂದ ಹೋಗಿ ಬುಟ್ಟಿಗೆ ಹಾಕಿದ್ದರು. ಮುಂದಿನ ಸಲ, ಹನಕೆರೇಲಿ ಯಾರ ಮನೆ ಎಂದರು. ಹಿರಿಯರು ಕೇಳಿದಾಗ ಉತ್ತರ ಕೊಡದಿರುವುದು ಹೇಗೆ? ಸ್ಟೇಷನ್ನಿನ ಹಿಂದಿನ ಮನೆ, ಹುಣಸೆಮರದ ಪಕ್ಕ ಎಂದು ವಿವರವಾಗಿಯೇ ಹೇಳಿದೆ. ಹುಣಸೆಮರದ ಹತ್ತಿರ ಮತ್ತೆರಡು ಪಾಯಿಂಟು ಹೋದವು. ಮೂರನೇ ಕ್ವಾರ್ಟರಿನಲ್ಲಿ ಅವ್ವನ ತವರು ಕೇಳಿದರು. ಬೆಳಕವಾಡಿ ಎಂದೆ. ಅವರು ಚೆಂಡನ್ನು ಎರಡು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟರು.

‘ಬೆಳಕವಾಡಿಗೆ ನಮ್ಮ ಚಿಕ್ಕಮ್ಮನ್ನ ಕೊಟ್ಟದೆ ಕಣ್ಲಾ. ಆ ಲೆಕ್ಕದಲ್ಲಿ ನಿಮ್ಮವ್ವ ನಂಗೆ ತಂಗಿ ಆಗ್ಬೇಕು. ಅಂಗಾದ್ರೆ ನಾನು ನಿಂಗೆ ಮಾವ.’

ಆ ಕ್ಷಣದಲ್ಲೇ ಅನಾಹುತವಾದದ್ದು. ಅವರು ಎಡಕ್ಕೆ ವಾಲಿದರು, ನಾನೂ ಎಡಕ್ಕೆ ಹಾರಿದೆ, ನನ್ನ ಶೂ ಅವರ ಬಲಗಾಲಿನ ಮೇಲೆ ಬಿತ್ತು. ನಮ್ಮ ಕಡೆ ಯಾರದಾದರೂ ಮೈಗೆ ಕಾಲು ತಾಗಿದರೆ ಏನು ಮಾಡುತ್ತೇವೆ? ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಮಾತು ಬರುವುದಕ್ಕೆ ಮೊದಲೇ ಅವ್ವ ಅದನ್ನು ನನಗೆ ಕಲಿಸಿದ್ದಳು. ಪುಸ್ತಕ ತುಳಿದರೂ ಅಷ್ಟೇ, ಮೊರ ತುಳಿದರೂ ಅಷ್ಟೇ. ಇವರಂತೂ ಹಿರಿಯರು, ನನ್ನ ದೇವರು, ಅರ್ಧ ನಿಮಿಷದಿಂದೀಚೆಗೆ ಮಾವ ಬೇರೆ! ನಾನು ಯೋಚನೆಯನ್ನೇ ಮಾಡಲಿಲ್ಲ. ಸೊಂಟ ತಾನಾಗಿ ಬಗ್ಗಿತು, ಕೈ ತಾನಾಗಿ ಅವರ ಶೂ ಮುಟ್ಟಿ ಕಣ್ಣಿಗೆ ಹೋಯಿತು. ಎದ್ದು ನೋಡುತ್ತೇನೆ, ಎದುರಿಗೆ ಮಾವ ಇಲ್ಲ. ಚೆಂಡು ಬುಟ್ಟಿಯಿಂದ ಕೆಳಗೆ ಬೀಳುತ್ತಿತ್ತು. ಮೆಟ್ಟಿಲ ಮೇಲಿದ್ದ ಜನ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ನಮ್ಮ ಕೋಚು ಮಾತ್ರ ಬಹಳ ಮೆಲ್ಲಗೆ, ಪೂಜೆ ಮುಗಿಯಿತೇನಪ್ಪ ಎಂದು ಕೇಳಿದರು.

ಒಂದು ಸಲವಾಗಿದ್ದರೆ ಕಾಲೇಜಿನಲ್ಲಿ ತಲೆ ಎತ್ತಿ ನಡೆಯಬಹುದಿತ್ತು. ಆ ಸಂಜೆ ನಾನು ಬಗ್ಗಿದ್ದು ಏಳು ಸಲ. ನನ್ನ ಕಾಲು ಎಲ್ಲಿಗೆ ಹೋದರೂ ಅವರ ಬಲಗಾಲು ಅದರ ಕೆಳಗಿರುತ್ತಿತ್ತು. ಏಳು ಸಲವೂ ಮುಟ್ಟಿ ಕಣ್ಣಿಗೊತ್ತಿಕೊಂಡೆ, ಏಳು ಸಲವೂ ಅವರು ಬುಟ್ಟಿಗೆ ಹಾಕಿದರು. ಬೇಕೆಂದೇ ಕಾಲು ಇಡುತ್ತಾನೆ, ಆ ಮುದುಕ ಭಾರಿ ಘಾಟಿ ಎಂದು ನಮ್ಮ ಹುಡುಗರೆಲ್ಲ ತೀರ್ಮಾನ ಮಾಡಿದರು. ನಾನೂ ಮಾಡಿದೆ. ಸೋಮವಾರ ಕಾಲೇಜಿಗೆ ಹೋದಾಗ ನನ್ನ ಹೆಸರು ಹೋಗಿ ‘ನಮಸ್ಕಾರ’ ಎಂದಾಗಿತ್ತು. ಹಾಜರಿ ಕರೆಯುವ ಮೇಷ್ಟ್ರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಹಾಗೇ ಕರೆದರು.

ಮನೆಯಲ್ಲಿ ಹೇಳಿದರೆ ಅವ್ವನಿಗೆ ಪಾಯಿಂಟು ಹೋದದ್ದರ ಬಗ್ಗೆ ಒಂದಿಷ್ಟೂ ದುಃಖವಾಗಲಿಲ್ಲ. ತುಳಿದ ಮೇಲೆ ಮುಟ್ಟಿದೆಯಲ್ಲ, ಅಷ್ಟು ಸಾಕು ಎಂದಳು. ಸಿಟ್ಟು ಬಂದದ್ದು ಸಂಬಂಧದ ಮಾತಿಗೆ. ಯಾವ ಚಿಕ್ಕಮ್ಮ, ಯಾವ ಲೆಕ್ಕ, ಬೆಳಕವಾಡಿಯ ನಮ್ಮ ಬೀದಿಯಲ್ಲಿ ನನಗೆ ಗೊತ್ತಿಲ್ಲದ ಅಣ್ಣ ಎಲ್ಲಿಂದ ಬಂದ, ಆತ ನಿನಗೆ ಮಾವನೂ ಅಲ್ಲ ಮಣ್ಣೂ ಅಲ್ಲ ಎಂದು ಮುದ್ದೆ ತಿರುವುವ ಕೋಲು ಹಿಡಿದೇ ವಾದಿಸಿದಳು.

ಮದ್ದೂರಿನ ಪಂದ್ಯಕ್ಕೆ ನಾನು ಭಾರಿ ತಂತ್ರ ಹೂಡಿದೆ. ಕಾಲು ತಾಗಿದರೆ ತಾನೇ ಬಗ್ಗುವುದು? ತಾಗದಷ್ಟು ದೂರವೇ ನಿಂತರಾಯಿತು! ಹಾಗೆಂದು ಅವರಿಂದ ಎರಡು ಮಾರು ದೂರ ನಿಂತೆ. ಅವರು ನನ್ನನ್ನು ನೋಡಿದರು, ನಮ್ಮಿಬ್ಬರ ನಡುವಿನ ಜಾಗ ನೋಡಿದರು. ಆಮೇಲೆ ಬಹಳ ಕಾಳಜಿಯಿಂದ, ‘ಯಾಕ್ಲಾ ಅಷ್ಟು ದೂರ ನಿಂತಿದ್ದೀಯ, ಮನೇಲಿ ಏನಾರ ಮನಸ್ತಾಪವಾ?’ ಎಂದು ಕೇಳಿ ಅಲ್ಲಿಂದಲೇ ಎಸೆದರು. ಬುಟ್ಟಿಗೆ ಬಿತ್ತೋ ಇಲ್ಲವೋ ನೋಡಲೂ ಇಲ್ಲ. ನಾನು ನೋಡಿದೆ. ಹತ್ತು ವರ್ಷದ ಹುಡುಗನಂತೆ ಬಾಯಿ ಬಿಟ್ಟುಕೊಂಡು ನೋಡಿದೆ. ಅಡ್ಡ ಹೋಗಬೇಕಾದವನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದೆ ಎಂದು ಗೆಳೆಯರು ಹೇಳುತ್ತಾರೆ. ಸುಳ್ಳು ಎನ್ನಲು ನನಗೆ ಧೈರ್ಯವಿಲ್ಲ. ಅವತ್ತು ಅವರ ಪಾಯಿಂಟು ಇಪ್ಪತ್ತು ದಾಟಿತು.

ಉಳಿದದ್ದು ಮಳವಳ್ಳಿ ಒಂದೇ. ಬಗ್ಗುವ ಚಟವನ್ನು ಬಿಡಲೇಬೇಕೆಂದು ನಾನು ಮನೆಯಲ್ಲೇ ತಾಲೀಮು ಶುರು ಮಾಡಿದೆ. ಜಗಲಿಯ ಮೇಲೆ ಪೇಪರು ಓದುತ್ತಿದ್ದ ಅಪ್ಪನ ಹತ್ತಿರ ಹೋಗಿ ಅವನ ಪಾದದ ಮೇಲೆ ಮೆಲ್ಲಗೆ ಪಾದ ಇಟ್ಟು, ಬಗ್ಗದೆ, ನೆಟ್ಟಗೆ ಗೋಡೆ ನೋಡುತ್ತ ನಿಂತೆ. ಅಪ್ಪ ಪೇಪರು ಕೆಳಗಿಳಿಸಿದ. ಪಾದ ನೋಡಿದ, ನನ್ನ ಮುಖ ನೋಡಿದ. ಎರಡು ಹೊತ್ತಿನ ಊಟ ನಾನು ಚಿಕ್ಕಪ್ಪನ ಮನೆಯಲ್ಲಿ ಮಾಡಬೇಕಾಯಿತು. ಪಂದ್ಯದ ದಿನ ಮಳವಳ್ಳಿ ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗವೆಲ್ಲಿದೆ? ಬಂಡೂರಿಗೆ ಹೊರಟಿದ್ದ ಅಜ್ಜಿಯೊಬ್ಬಳ ಕಾಲ ಮೇಲೆ ಬೇಕೆಂದೇ ಕಾಲಿಟ್ಟೆ.

‘ಇದೇನು ನಿಮ್ಮಪ್ಪನ ಮನೆ ಮೆಟ್ಲಾ?’ ಎಂದಳು ಅಜ್ಜಿ.

ಬಗ್ಗಿದೆ. ಮುಟ್ಟಿದೆ. ಕಣ್ಣಿಗೊತ್ತಿಕೊಂಡೆ. ಏಳುವಾಗ ತಲೆ ಕಂಬಿಗೆ ಹೊಡೆದು ಗುಬುಟು ಬಂತು. ಆ ಗುಬುಟು ಹೊತ್ತುಕೊಂಡೇ ನಾನು ಜಿಲ್ಲಾ ತಂಡದ ಜಾಗಕ್ಕಾಗಿ ಅಂಗಳಕ್ಕಿಳಿದೆ.

ಅಂಗಳದ ಪಕ್ಕದಲ್ಲಿ ಅವ್ವ ಕೂತಿದ್ದಳು. ಆ ಚಿಕ್ಕಮ್ಮನ ಸಂಗತಿಯನ್ನು ವಿಚಾರಿಸಿಯೇ ಬಿಡುತ್ತೇನೆಂದು ಹಿಂದಿನ ದಿನ ಬೆಳಕವಾಡಿಗೆ ಹೋದವಳು, ಅಲ್ಲಿಂದ ಬಸ್ಸು ಹತ್ತಿ ಬಂದಿದ್ದಳು. ಬಾಸ್ಕೆಟ್‌ಬಾಲು ನೋಡುವುದು ಅವಳಿಗೆ ಅದೇ ಮೊದಲು.

ಅವತ್ತು ನನಗೇ ಆಶ್ಚರ್ಯವಾಗುವ ಹಾಗೆ ಆಡಿದೆ. ಅವರು ಊರು ಕೇರಿ ವಿಚಾರಿಸಲಿಲ್ಲ, ಹೆಚ್ಚು ಮಾತೇ ಆಡಲಿಲ್ಲ. ಎಲ್ಲಿ ಹೋದರೂ ನಾನು ಅವರಿಗಿಂತ ಮೊದಲೇ ಇರುತ್ತಿದ್ದೆ. ಓಹೋ, ನಾನು ಪಳಗಿಬಿಟ್ಟೆ, ಮುದುಕನ ಗುಟ್ಟೆಲ್ಲ ನನಗೆ ತಿಳಿದುಹೋಯಿತು ಎಂದು ಒಳಗೊಳಗೇ ಬೀಗಿದೆ. ಒಂದು ಫ್ರೀ ಥ್ರೋ ಸಿಕ್ಕಾಗ ಅವರು ಜನರ ಕಡೆ ತಿರುಗಿ ಎಂದಿನಂತೆ ಕರೆಂಟಿನ ಬಗ್ಗೆ ಕೇಳಿದರು. ಉತ್ತರ ಬಂದ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಇದೂ ಒಂದು ನಾಟಕ ಎಂದುಕೊಂಡೆ.

ಕೊನೆಯ ಹತ್ತು ಸೆಕೆಂಡು ಉಳಿದಾಗ ನಾವು ಒಂದು ಪಾಯಿಂಟು ಮುಂದಿದ್ದೆವು. ಅವರೊಬ್ಬರದೇ ಎಂಟು ಪಾಯಿಂಟಾಗಿತ್ತು. ಚೆಂಡು ಅವರ ಕೈಯಲ್ಲಿತ್ತು. ಹಾಕಿದರೆ ಅವರ ತಂಡ ಗೆಲ್ಲುತ್ತದೆ, ಅವರದು ಹತ್ತಾಗುತ್ತದೆ, ನನಗೆ ಬೆಂಚು. ಅವರು ಎಡಕ್ಕೆ ವಾಲಿದರು. ನಾನು ಹಾರಿದೆ. ನನ್ನ ಪೂರ್ತಿ ಭಾರ ಅವರ ಬಲಗಾಲಿನ ಮೇಲೆ ಬಿತ್ತು.

ಸೊಂಟ ಬಗ್ಗಲು ಹೊರಟಿತು. ನಾನು ಹಲ್ಲು ಕಚ್ಚಿಕೊಂಡೆ. ಬಗ್ಗಲಿಲ್ಲ! ಅವರ ಕೈಯಿಂದ ಚೆಂಡು ಜಾರಿತ್ತು, ತುಳಿದದ್ದು ರೆಫರಿಯ ಕಣ್ಣಿಗೆ ಬಿದ್ದಿರಲಿಲ್ಲ, ಚೆಂಡನ್ನೆತ್ತಿಕೊಂಡು ಆ ತುದಿಗೆ ಓಡಿ ಬುಟ್ಟಿಗೆ ಹಾಕಿದೆ. ರೆಫರಿ ಸೀಟಿ ಊದಿದರು. ಹುಡುಗರು ಬಂದು ನನ್ನನ್ನು ಎತ್ತಿದರು. ಆರು ಅಡಿ ಮೂರು ಇಂಚಿನವನನ್ನು ಎತ್ತುವುದು ಸುಲಭವಲ್ಲ, ಎರಡು ಸಲ ಕೆಡವಿದರು. ಕೋಚು ದೂರದಿಂದಲೇ ಹೆಬ್ಬೆರಳು ತೋರಿಸಿದರು. ಜಾಗ ನನ್ನದಾಗಿತ್ತು. ನಮಸ್ಕಾರ, ನಮಸ್ಕಾರ ಎಂದು ಹುಡುಗರು ಕೂಗುವಾಗ ಮೊದಲ ಸಲ ಆ ಹೆಸರು ನನಗೆ ಹಿತವಾಗಿ ಕೇಳಿಸಿತು.

ಅವ್ವ ಸೆರಗು ಬಿಗಿದುಕೊಂಡು ಅಂಗಳದೊಳಗೇ ನಡೆದು ಬಂದಳು. ಮುದ್ದು ಮಾಡುತ್ತಾಳೇನೋ ಎಂದು ನಾನು ತಲೆ ಬಗ್ಗಿಸಿದೆ.

‘ಅಷ್ಟು ಜೋರಾಗಿ ತುಳಿದ್ಬುಟ್ಟು ಅಂಗೇ ಓಡೋದಲ್ಲ’ ಎಂದಳು. ‘ಓಗು. ನಿಮ್ಮ ಮಾವನ ಕಾಲು ಮುಟ್ಟು.’

ನಿಮ್ಮ ಮಾವ! ಬೆಳಕವಾಡಿಯಲ್ಲಿ ಅವಳಿಗೆ ಏನು ಗೊತ್ತಾಗಿತ್ತೋ, ಏನೂ ಗೊತ್ತಾಗಿರಲಿಲ್ಲವೋ, ಇವತ್ತಿಗೂ ನಾನು ಕೇಳಿಲ್ಲ.

ಅವರು ಆ ತುದಿಯ ಕಂಬದ ಬುಡದಲ್ಲಿ ಒಬ್ಬರೇ ಕೂತಿದ್ದರು. ಪಂಚೆ ತೊಡೆಯ ಮೇಲಿತ್ತು, ಬಲಗಾಲಿನ ಶೂ ಪಕ್ಕದಲ್ಲಿತ್ತು. ಕಾಲು ಮುಟ್ಟಲೆಂದು ಬಗ್ಗಿದವನು ಹಾಗೇ ನಿಂತೆ. ಗಿಣ್ಣಿನ ಹತ್ತಿರ ಕಾಲು ಊದಿ ಸೋರೆಕಾಯಿ ಆಗಿತ್ತು. ಇವತ್ತಿನ ಊತವಲ್ಲ. ಸುತ್ತಲೂ ಕಟ್ಟಿದ ಬಟ್ಟೆಯ ಗೆರೆಗಳು ಚರ್ಮದಲ್ಲಿ ಹಳೆಯವಾಗಿ ಕೂತಿದ್ದವು. ಆ ಕಾಲನ್ನು ಮಂಡ್ಯದಲ್ಲಿ ಏಳು ಸಲ ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೆ. ಒಂದು ಸಲವೂ ನೋಡಿರಲಿಲ್ಲ.

ಏನಾಯಿತು ಎಂದು ಕೇಳಿದೆ. ನಾಲೆ ಏರಿಯ ಮೇಲೆ ಜಾರಿ ಎರಡು ವರ್ಷವಾಯಿತು, ಸರಿಹೋಗಲಿಲ್ಲ ಎಂದರು. ಯಾರಿಗೂ ಯಾಕೆ ಹೇಳಲಿಲ್ಲ ಎಂದೆ. ಹೇಳಿದರೆ ಬೆಂಚಿನ ಮೇಲೆ ಕೂರಿಸಿಬಿಡುತ್ತಾರೆ ಎಂದರು. ಬೆಂಚಿಗೆ ಹೆದರಿದವನು ನಾನೊಬ್ಬನೇ ಎಂದು ಮೂರು ವಾರದಿಂದ ತಿಳಿದುಕೊಂಡಿದ್ದೆ.

‘ನಾನು ಬೇಕಂತ ಕಾಲು ಇಡ್ತಿರ್ನಿಲ್ಲ ಕಣ್ಲಾ’ ಎಂದರು, ಊದಿದ ಜಾಗವನ್ನು ತೀಡಿಕೊಳ್ಳುತ್ತ. ‘ತೆಗೆಯಕ್ಕೆ ಆಯ್ತಿರ್ನಿಲ್ಲ.’

ಹಾಗಾದರೆ ಆ ಊರು ಕೇರಿ, ಅವ್ವನ ತವರು, ಕರೆಂಟು? ಅದೆಲ್ಲ ಉಸಿರು ತೆಗೆದುಕೊಳ್ಳುವುದಕ್ಕೆ ಎಂದು ನಕ್ಕರು. ಆಮೇಲೆ ಪಂಚೆಯ ಅಂಚನ್ನು ಮಡಿಸತೊಡಗಿದರು.

‘ಇಪ್ಪತ್ತೆಂಟು ವರ್ಷ ಆಡಿವ್ನಿ. ಎಲ್ರೂ ತುಳ್ದವ್ರೆ, ಯಾವನೂ ಬಗ್ನಿಲ್ಲ. ನೀನು ಬಗ್ಗಿದಾಗ ನಾನು ಬಾಲು ಹಾಕಬಾರ್ದಾಗಿತ್ತು. ಹಾಕ್ಬುಟ್ಟೆ.’

ಮಂಡಿಯೂರಿ ಕೂತು ಆ ಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕೈ ಕಣ್ಣಿನಿಂದ ಬೇಗ ಬರಲಿಲ್ಲ, ಒದ್ದೆಯಾಗಿತ್ತು. ಹಿಂದಿನ ಏಳು ಸಲದ ಅಭ್ಯಾಸ ನೋಡಿ, ಹಾಗೆ ಕೂತಿದ್ದರೂ ಒಂದು ಗಡಿಬಿಡಿ, ಈಗೆದ್ದು ಓಡಬೇಕು, ತಡೆಯಬೇಕು ಎನ್ನುವ ಹಾಗೆ. ಅದು ಅವರಿಗೆ ತಿಳಿಯಿತೇನೋ. ತೂಬಿನ ಗಾಲಿ ತಿರುಗಿಸಿ ಒರಟಾಗಿದ್ದ ಕೈಯನ್ನು ನನ್ನ ತಲೆಯ ಮೇಲೆ, ಬಸ್ಸಿನ ಗುಬುಟಿನ ಮೇಲೇ ಇಟ್ಟರು.

‘ನಿಧಾನಕ್ಕೆ ಏಳ್ಲಾ’ ಎಂದರು ಮಾವ. ‘ಈಗ ನನ್ನ ಕೈಲಿ ಬಾಲಿಲ್ಲ.’